ನಾರಾಯಣ ಚಂದಾವರಕರ: ನ್ಯಾಯಪೀಠ ಮತ್ತು ಶಾಸನಸಭೆ

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಅಲ್ಲಿನ ತರುಣರಿಗೆ ಕಾಲೇಜು, ಹೈಕೋರ್ಟು, ಸರ್ಕಾರಿ ಚಾಕರಿ ಎಲ್ಲದಕ್ಕೂ ಮುಂಬಯಿಯೇ ಗತಿಯಾಯಿತು. ಆ ದಾರಿಯಲ್ಲಿ ಬಂದು ಅತಿ ಎತ್ತರಕ್ಕೇರಿದವರು 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು. ಠಾಣೆ, ಕಲ್ಯಾಣ, ಡೊಂಬಿವಲಿಯ ಕನ್ನಡಿಗರಿಗೆ ಇಂದು ಬ್ಯಾಂಕೊಂದರ ಹೆಸರಾಗಿ ಪರಿಚಿತರಾಗಿರುವ ಶಾಮರಾವ್ ವಿಠಲರು ಇವರ ಸೋದರಮಾವ.

1881ರಲ್ಲಿ ಕಾನೂನು ಪದವಿ ಪಡೆದ ಚಂದಾವರಕರರು ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗವನ್ನು ನಡೆಸಿದರು. 1885ರಲ್ಲಿ ಬ್ರಿಟಿಷ್ ಮತದಾರರ ಮುಂದೆ ಭಾರತದ ಅಹವಾಲನ್ನಿಡಲು ಹೋದ ನಿಯೋಗದಲ್ಲಿದ್ದರು. 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಅದರ ಬೆನ್ನಿಗೇ ಬಂದ ಹೈಕೋರ್ಟಿನ ನ್ಯಾಯಾಧೀಶ ಪದವಿಯು ಅವರ ರಾಜಕೀಯ ಬದುಕಿಗೆ ಮಾಡಿದ ನಷ್ಟವನ್ನು ಅವರ ಬಗೆಗಿನ ಹೊಗಳಿಕೆಗಳು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಸ್ವದೇಶಿ ಚಳವಳಿ ಹಬ್ಬಿ, 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ಸು ಒಡೆದ ವರ್ಷಗಳಲ್ಲಿ ಅವರು ಪೀಠದ ಮೇಲಿದ್ದುದರಿಂದ, ಮತ್ತೆ ರಾಜಕೀಯಕ್ಕೆ ಬಂದಾಗ ಮನವಿ-ವಾದಗಳ ಹಳೆಯ ರೀತಿಯ ಮೇಲಿನ ಅವರ ನಂಬಿಕೆ ಹಾಗೆಯೇ ಉಳಿದಿತ್ತು, ದೇಶ ಮಾತ್ರ ಅದನ್ನು ದಾಟಿ ಹೋಗಿತ್ತು.

1919ರ ಭಾರತ ಸರ್ಕಾರ ಕಾಯಿದೆ ಪ್ರಾಂತಗಳಲ್ಲಿ ‘ದ್ವಿಮುಖ ಆಡಳಿತ’ವನ್ನು ತಂದಿತು, ಅಂದರೆ ಶಿಕ್ಷಣ, ಆರೋಗ್ಯದಂಥ ಖಾತೆಗಳು ಚುನಾಯಿತ ಸದಸ್ಯರ ಪೈಕಿ ಆರಿಸಿದ ಮಂತ್ರಿಗಳಿಗೂ, ಪೊಲೀಸು, ಹಣಕಾಸಿನಂಥವು ಗವರ್ನರನ ಕಾರ್ಯಾಂಗಕ್ಕೂ ಹಂಚಿಹೋದವು. ಹೀಗೆ ರೂಪುಗೊಂಡ ಮುಂಬಯಿ ಶಾಸನ ಪರಿಷತ್ತಿಗೆ ಚಂದಾವರಕರರು 1921ರಲ್ಲಿ ಅಧ್ಯಕ್ಷರಾದರು. ಮೊದಲ ಅಧ್ಯಕ್ಷನನ್ನು ಗವರ್ನರನೇ ನೇಮಿಸುತ್ತಿದ್ದುದರಿಂದ ಆ ಆಸನದ ಸ್ವಾತಂತ್ರ್ಯಕ್ಕೆ ಮಿತಿಯಿತ್ತು. ಕಾಂಗ್ರೆಸ್ಸು ಚುನಾವಣೆಯನ್ನೇ ಬಹಿಷ್ಕರಿಸಿದ್ದರಿಂದ ಸಭೆಯ ಪ್ರಾತಿನಿಧ್ಯವೂ ಅಪೂರ್ಣವಾಗಿತ್ತು.

ಅವರ ನಿಜವಾದ ಸತ್ತ್ವವನ್ನು ಕಾಣಬೇಕಾದುದು ಬೇರೆಡೆ. ರಾಜಕೀಯ ಹಕ್ಕು ಸಿಗುವವರೆಗೆ ಸಮಾಜ ಸುಧಾರಣೆ ಕಾಯಬೇಕೆಂಬ ವಾದವನ್ನು ಒಪ್ಪದ ಸುಧಾರಕ ಎಂ. ಜಿ. ರಾನಡೆಯವರ ಈ ಶಿಷ್ಯ, ಧಾರ್ಮಿಕ-ಸಾಮಾಜಿಕ ಸುಧಾರಣೆಯ ಪ್ರಾರ್ಥನಾ ಸಮಾಜದ ನೇತೃತ್ವ ವಹಿಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರೆನಿಸಿಕೊಂಡವರ ಶಿಕ್ಷಣಕ್ಕಾಗಿ 1906ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನ ಅಧ್ಯಕ್ಷರಾಗಿ, ಹೈಕೋರ್ಟಿನ ನ್ಯಾಯಾಧೀಶನೊಬ್ಬನ ಪ್ರತಿಷ್ಠೆಯನ್ನು ಆ ಕಾಲದ ಮೇಲ್ಜಾತಿಗಳಿಗೆ ಅಪ್ರಿಯವಾದ ಕೆಲಸಕ್ಕೆ ಮುಡಿಪಿಟ್ಟರು. ಇದು ಸಣ್ಣ ಧೈರ್ಯವಲ್ಲ.

1923ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಅವರು ಅಧ್ಯಕ್ಷರಾಗಿದ್ದ ಪರಿಷತ್ತು, ಸಾರ್ವಜನಿಕ ಬಾವಿ, ಶಾಲೆ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯುವ ಎಸ್. ಕೆ. ಬೋಲೆಯವರ ಠರಾವನ್ನು ಅಂಗೀಕರಿಸಿತು. ಮಹಾಡದ ಪುರಸಭೆ ಮರುವರ್ಷ ಅದಕ್ಕೆ ಒಪ್ಪಿಗೆ ಕೊಟ್ಟಿತಾದರೂ, ಅಲ್ಲಿನ ಚವದಾರ ಕೆರೆಯ ನೀರನ್ನು ಮುಟ್ಟಲು 1927ರಲ್ಲಿ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದೇ ಹೋಗಬೇಕಾಯಿತು.