ಬಾಡಿಗೆಯ ಕಿರೀಟ, ಸ್ವಂತದ ಕಂಠ

ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ಉಪದೇಶಿಸುವವರು ಹೇರಳವಾಗಿರುವ ಈ ದಿನಗಳಲ್ಲಿ, ಆ ವಿದ್ಯೆಯನ್ನು ಆಚರಣೆಯಿಂದ ಬಲ್ಲವರು ಯಾರೆಂದು ಕೇಳಿದರೆ, ಹೊಳಲ್ಕೆರೆ ಸೀಮೆಯ ತಾಳ್ಯದಂಥ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮುಂದಿಟ್ಟುಕೊಂಡು ‘ಕುರುಕ್ಷೇತ್ರ’ವನ್ನು ಕಲಿಸುವ ಡ್ರಾಮಾ ಮೇಷ್ಟರನ್ನು ನಾನು ನಿಸ್ಸಂಕೋಚವಾಗಿ ತೋರಿಸುವೆನು.

ಇದೇ ಕಥಾವಸ್ತುವನ್ನು ನಾಟಕ ಕಂಪನಿಯ ಒಡೆಯರಾದ ಗುಬ್ಬಿ ವೀರಣ್ಣನವರು 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಪ್ರದರ್ಶಿಸಿದರು. ಕಣ್ಣನ್ನು ಬೆರಗುಗೊಳಿಸುವುದೇ ಪಂದ್ಯವಾದಲ್ಲಿ ಚಲನಚಿತ್ರವನ್ನು ಗೆಲ್ಲುವುದು ಯಾವ ನಾಟಕ ಕಂಪನಿಗೂ ಶಕ್ಯವಿರಲಿಲ್ಲ. ಇದನ್ನರಿತ ವೀರಣ್ಣನವರು ಚಿತ್ರನಿರ್ಮಾಣಕ್ಕೂ ಕೈಯಿಕ್ಕಿದರು. ಅವರ ಕಂಪನಿಯಲ್ಲಿ ಪಳಗಿದ ನಟ ರಾಜ್‌ಕುಮಾರ್ ಅವರು 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದರು. ಆದರೂ ಡೇರೆ, ಪರದೆ, ಪ್ರಾಣಿಗಳು, ಪರಿವಾರದ ಅನ್ನವಸ್ತ್ರ, ಇಷ್ಟನ್ನೂ ಸ್ವಂತ ಆಸ್ತಿಯೆಂದು ಹೊತ್ತ ಕಂಪನಿಗಳು ಮಗ್ಗುಲು ಬದಲಿಸಲು ಹವಣಿಸುವಷ್ಟರಲ್ಲಿ ಪ್ರೇಕ್ಷಕರು ಎದ್ದುಹೋಗಿದ್ದರು.

ಹಳ್ಳಿಯ ನಾಟಕಕ್ಕಾದರೋ ಈ ಸಂಕಟವಿಲ್ಲ. ಕಿರೀಟ, ಗದೆ, ಸೀನರಿಗಳೆಲ್ಲ ಬಾಡಿಗೆಯವು. ದ್ರೌಪದಿಯ ಪಾರ್ಟಿಗೆ ಪಟ್ಟಣದಿಂದ ಕಲಾವಿದೆ ಬರುವಳು. ವೆಚ್ಚವನ್ನು ಪಾರ್ಟು ಕಟ್ಟುವವರೇ ಹಂಚಿಕೊಳ್ಳುವರು. ಊರವರದೆಂಬುದು ಕಂಠವೊಂದೇ, ಮತ್ತು ಅದಕ್ಕೆ ಕಲಿಸಿದ ರಂಗಗೀತೆ. ಆದುದರಿಂದಲೇ ಪೆಟ್ರೋಮ್ಯಾಕ್ಸ್ ಹೋಗಿ ವಿದ್ಯುದ್ದೀಪ ಬಂದಾಗ ಇಲ್ಲಿ ಯಾರೂ ದಿವಾಳಿಯಾಗಲಿಲ್ಲ. ಮೈಕು ಬಂದುದು ಮಾತ್ರ ನನ್ನ ಮಟ್ಟಿಗೆ ಶುಭವಲ್ಲ: ಕಡೆಯ ಸಾಲಿಗೆ ದನಿ ಎಸೆಯುತ್ತಿದ್ದ ದುರ್ಯೋಧನನು ತೂಗುವ ಮೈಕಿನ ಕೆಳಗೆ ಭೀಮನ ಪಕ್ಕದಲ್ಲಿ ವಿಧೇಯನಾಗಿ ನಿಂತುಬಿಡುವುದನ್ನು ಕಂಡಾಗ, ಯುದ್ಧವೇ ಬೇಡವಾಗಿತ್ತಲ್ಲ ಎನ್ನಿಸುತ್ತದೆ.

ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಆರಂಭಿಸಿದ ಶಿವಸಂಚಾರ ನಾಟಕ ತಂಡವು, ಹೊರಗಿನದನ್ನು ಬದಲಿಸಿ ಸ್ವಂತದ್ದನ್ನು ಉಳಿಸಿಕೊಳ್ಳುವ ಇದೇ ವಿವೇಕವನ್ನು ಶಿಸ್ತಾಗಿ ರೂಢಿಸಿಕೊಂಡಿದೆ. ವರ್ಷಕ್ಕೆ ಮೂರು ನಾಟಕಗಳನ್ನು ಕಲಿತು ಊರೂರು ಸುತ್ತುವ ಈ ತಂಡಕ್ಕೆ ಮನೆಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವುಂಟು. ಹೊರಟ ಮೇಲೆ ಇಂದು ಶಾಲೆಯ ಅಂಗಳ, ನಾಳೆ ಕಲ್ಯಾಣಮಂಟಪ. ಪ್ರವೇಶದ ಹಾದಿ, ನಡೆಯ ಅಳತೆ, ದನಿಯ ಏರಿಳಿತಗಳನ್ನು ಹೊಸ ನೆಲ ನೋಡಿ ಮತ್ತೆ ಹೊಂದಿಸಿಕೊಳ್ಳದೆ ಅವರಿಗೆ ಗತ್ಯಂತರವಿಲ್ಲ. ಆದರೆ ಪಾತ್ರವು ಏನನ್ನು ಬಯಸಿ ಒಳಗೆ ಬಂದಿತೆಂಬುದು ಎಲ್ಲ ಊರಿನಲ್ಲೂ ಅದೇ. ಇದನ್ನು ತಿಳಿಯದೆ, ಜನರಿಗೆ ಬೇಕೆಂದು ಸಿನಿಮಾ ಹಾಡಿನ ಕುಣಿತವನ್ನು ಕುರುಕ್ಷೇತ್ರದ ನಡುವೆ ತುರುಕುವುದೂ ಬದಲಾವಣೆಯೇ ಹೌದು, ಆದರೆ ಅದು ಶರಣಾಗತಿ.

ಸಾಣೇಹಳ್ಳಿಯ ನಾಟಕೋತ್ಸವವು ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವುದು. ವಾಚಕರು ಒಂದು ಸಂಜೆಯಾದರೂ ಅಲ್ಲಿಗೆ ಹೋಗಬೇಕು. ಅದೇ ನಾಟಕ ಬಳಿಕ ತಮ್ಮೂರಿಗೆ ಬಂದಾಗ ಎರಡನೆಯ ಸಲವೂ ನೋಡಬೇಕು.