ಕಂಪನಿಯ ಮಾತು ಆಮೇಲೆ, ಮೊದಲು ಹಳೆಯ ಟೈರು

ಪರಿಚಯದ ಕುಟುಂಬವೊಂದರ ಸ್ವಿಫ್ಟ್ ಕಾರಿನ ಎಡ ಮುಂಚಕ್ರವನ್ನು ಈ ವಾರ ನೋಡಿದೆ. ನಿಂತು ನೋಡಿದರೆ ಟೈರು ಇನ್ನೊಂದು ಮಳೆಗಾಲ ದಾಟುತ್ತದೆ ಅನ್ನಿಸುತ್ತಿತ್ತು. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಕುಕ್ಕರಗಾಲಲ್ಲಿ ಕೂತು ಒಳ ಅಂಚು ನೋಡಿದಾಗ ನಿಜ ಸ್ಥಿತಿ ಗೊತ್ತಾಯಿತು. ಅಲ್ಲಿ ಎರಡು ಬೆರಳಗಲ ರಬ್ಬರು ನುಣ್ಣಗೆ ಬೋಳಾಗಿತ್ತು, ಒಂದು ಕಡೆ ಉಕ್ಕಿನ ತಂತಿಯೇ ಇಣುಕುತ್ತಿತ್ತು. ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಕಂಪನಿಯದು ಹಾಕಿಸೋಣ?’ ಟೈರು ಕೊಳ್ಳಲು ಹೊರಟ ಎಲ್ಲರೂ ಕೇಳುವುದು ಇದನ್ನೇ. ಆದರೆ ಹಳೆಯ ಟೈರನ್ನು ತಿಂದದ್ದು ಏನು ಎಂದು ಗೊತ್ತಾಗುವವರೆಗೆ ಈ ಪ್ರಶ್ನೆಗೆ ಬೆಲೆಯಿಲ್ಲ. ಎಷ್ಟೇ ಒಳ್ಳೆಯ ಹೊಸ ಟೈರು ತಂದರೂ ಅದೇ ಕಾರಣ ಅದನ್ನೂ ತಿನ್ನುತ್ತದೆ.

ಟ್ರೆಡ್ಡಿನ ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು ಎಂದರ್ಥ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಾಗಿತ್ತು. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬೇಕು, ಇಲ್ಲವೇ ಬ್ಯಾಲೆನ್ಸಿಂಗ್ ತಪ್ಪಿರಬೇಕು. ಒಂದೇ ಅಂಚು ಸವೆದಿದ್ದರೆ ಟೋ ಅಥವಾ ಕ್ಯಾಂಬರ್ ಕೆಟ್ಟಿದೆ. ಟೋ ಎಂದರೆ ಚಕ್ರ ನೇರ ದಾರಿಯಿಂದ ಎಡಕ್ಕೋ ಬಲಕ್ಕೋ ತಿರುಗಿ ನಿಂತಿರುವ ಕೋನ. ಕ್ಯಾಂಬರ್ ಎಂದರೆ ಅದು ಒಳಕ್ಕೋ ಹೊರಕ್ಕೋ ವಾಲಿರುವ ಕೋನ.

ಟೋ ದೋಷ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ತಂತಿ ಇಣುಕಿದ ಜಾಗ ಬಿಟ್ಟು, ಟ್ರೆಡ್ಡಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಆಡಿಸಿ. ಒಂದು ದಿಕ್ಕಿಗೆ ಸಲೀಸಾಗಿ ಜಾರುವ ಕೈಗೆ ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂಥ ಚೂಪು ಅಂಚುಗಳು ತಡೆದರೆ, ಆ ಚಕ್ರ ಉರುಳುತ್ತಲೇ ಅಡ್ಡಡ್ಡ ಉಜ್ಜಿಕೊಂಡು ಓಡಿದೆ. ಕೋನ ಒಂದು ಡಿಗ್ರಿಯ ಐದನೇ ಒಂದು ಭಾಗ ತಪ್ಪಿದರೂ ಸಾಕು, ಪ್ರತಿ ಕಿಲೋಮೀಟರಿಗೆ ಸುಮಾರು ಮೂರೂವರೆ ಮೀಟರ್ ಅಡ್ಡ ಉಜ್ಜಾಟ. ಸಾವಿರಾರು ಕಿಲೋಮೀಟರ್ ಹೀಗೆ ಓಡಿದ ಮೇಲೆ ಒಳ ಅಂಚಿನಲ್ಲಿ ರಬ್ಬರು ಉಳಿಯುವುದು ಹೇಗೆ?

ನಮ್ಮ ಗುಂಡಿಗಳು, ಬಣ್ಣವಿಲ್ಲದ ಹಂಪುಗಳು ಮುಂಚಕ್ರಗಳನ್ನು ಮೊದಲು ಹೊಡೆಯುತ್ತವೆ. ಈಗಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ದೊಡ್ಡ ಪಾಲು ಹೊರುವುದು ಎಲ್ಲವೂ ಮುಂದಿನ ಜೋಡಿಯದೇ ಕೆಲಸ. ಹಾಗಾಗಿ ‘ಅಲೈನ್‌ಮೆಂಟ್ ಮಾಡಿಸಿದ್ದೇವೆ’ ಎಂದರೆ ಮುಗಿಯಲಿಲ್ಲ. ಹಲವು ಕಾರುಗಳ ಮುಂಭಾಗದಲ್ಲಿ ಹೊಂದಿಸಲು ಬರುವುದು ಟೋ ಒಂದೇ. ಕ್ಯಾಂಬರ್ ತಪ್ಪಿದ್ದರೆ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಸವೆದಿರಬೇಕು ಅಥವಾ ಸ್ಟ್ರಟ್ ಬಾಗಿರಬೇಕು. ಆ ಭಾಗ ಬದಲಿಸದೆ ಯಂತ್ರದ ಮೇಲೆ ಎಷ್ಟು ಸಲ ನಿಲ್ಲಿಸಿದರೂ ಫಲವಿಲ್ಲ. ಹೊಂದಿಸುವ ಮೊದಲಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೆಯಿರಿ. ಅದರಲ್ಲಿ ಹಿಂಚಕ್ರಗಳ ಅಂಕಿಯೂ ಇರಲಿ.

ಇನ್ನು ಯಾವ ಟೈರು ಉಳಿಯಬೇಕು, ಯಾವುದು ಹೋಗಬೇಕು? ಹೊಸ ಟೈರಿನ ತೋಡು ಸುಮಾರು 7ರಿಂದ 8 ಮಿ.ಮೀ. ಆಳ. ಕಾನೂನಿನ ಕನಿಷ್ಠ 1.6 ಮಿ.ಮೀ.; ತೋಡಿನ ತಳದಲ್ಲಿರುವ ಸಣ್ಣ ದಿಬ್ಬಗಳು ಅದನ್ನೇ ಸೂಚಿಸುತ್ತವೆ. ಅಳೆಯಬೇಕಾದದ್ದು ಅತಿ ಸವೆದ ಜಾಗದಲ್ಲಿ, ಸರಾಸರಿ ತೆಗೆದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಆಷಾಢದಲ್ಲಿ ಶಿರಾಡಿ, ಚಾರ್ಮಾಡಿ ಇಳಿಯುವವರು 1.6ರವರೆಗೆ ಕಾಯಬಾರದು, ನಾನಾದರೆ 3 ಮಿ.ಮೀ.ಗೇ ಬದಲಿಸುತ್ತೇನೆ. ತೋಡು ಇರುವುದೇ ನೀರನ್ನು ಹೊರಗೆ ತಳ್ಳಲು. ಆಳ ತಗ್ಗಿದಂತೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ.

ನಾಲ್ಕರ ಬದಲು ಎರಡೇ ಹಾಕಿಸುವುದಾದರೆ ಹೊಸ ಜೋಡಿ ಹಿಂದಕ್ಕೇ ಹೋಗಬೇಕು. ಎಳೆಯುವುದು ಮುಂಚಕ್ರ, ಹೊಸದು ಅಲ್ಲಿಗೇ ಬೇಕು ಎಂದು ಅಂಗಡಿಯಲ್ಲೂ ವಾದಿಸುತ್ತಾರೆ. ಒಪ್ಪಬೇಡಿ. ಒದ್ದೆ ತಿರುವಿನಲ್ಲಿ ಮುಂಚಕ್ರ ಜಾರಿದರೆ ಕಾರು ಅಗಲಕ್ಕೆ ಹೋಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಹೊರಟ ಸಾಮಾನ್ಯ ಚಾಲಕನಿಗೆ ಅದನ್ನು ಸರಿಪಡಿಸಲು ಸಮಯವೇ ಸಿಗುವುದಿಲ್ಲ. ಹಿಂದಿದ್ದ, ಸಮನಾಗಿ ಸವೆದ ಜೋಡಿ ಮುಂದಕ್ಕೆ ಬರಲಿ. ಆಮೇಲೆ 8-10 ಸಾವಿರ ಕಿಲೋಮೀಟರಿಗೊಮ್ಮೆ ತೋಡು ಅಳೆದು, ಹಿಂದು ಮುಂದಿನ ಅಂತರ ಹೆಚ್ಚಾಗುವ ಮೊದಲೇ ರೊಟೇಶನ್ ಮಾಡಿಸುತ್ತಿದ್ದರೆ ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ.

ಸ್ಟೆಪ್ನಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದು ಉಳಿದವುಗಳ ಅಳತೆಯದೇ ಆಗಿದ್ದು ವಯಸ್ಸಾಗಿರದಿದ್ದರೆ, ಅದೇ ಮಾದರಿಯ ಒಂದು ಹೊಸ ಟೈರಿನೊಡನೆ ಜೋಡಿಯಾಗಬಲ್ಲದು. ವಯಸ್ಸನ್ನು ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಹೇಳುತ್ತವೆ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ಓಡದೆ ಇದ್ದರೂ ಹಳತಾಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ‘ಹೊಸದು’ ಎಂದು ತೋರಿಸುವ ಟೈರಿನ ಮೇಲೂ ಈ ಅಂಕಿ ಓದಿಯೇ ದುಡ್ಡು ಕೊಡಿ.

ಅಳತೆಯಲ್ಲಿ ಕಾರಿನ ಬಾಗಿಲ ಚೌಕಟ್ಟಿನ ಚೀಟಿಯೇ ಪ್ರಮಾಣ. ಸ್ವಿಫ್ಟ್‌ನ ಕೆಳಗಿನ ಮಾದರಿಗಳಿಗೆ 165/80 ಆರ್14, ಮೇಲಿನವಕ್ಕೆ 185/65 ಆರ್15 ಬಂದಿವೆ. ಎರಡರ ಹೊರವ್ಯಾಸಕ್ಕೆ 2 ಮಿ.ಮೀ. ಮಾತ್ರ ವ್ಯತ್ಯಾಸ, ಹಾಗಾಗಿ ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ. ಅಂದಕ್ಕೆಂದು ಅಗಲ ಹೆಚ್ಚಿಸುವವರು ಈ ಲೆಕ್ಕ ಮಾಡುವುದೇ ಇಲ್ಲ. ಅಳತೆಯ ಪಕ್ಕದ 85ಟಿ, 88ಎಚ್ ಎಂಬುದನ್ನೂ ಬಿಡಬೇಡಿ: 85 ಎಂದರೆ ಒಂದು ಟೈರಿಗೆ 515 ಕೆ.ಜಿ., 88 ಎಂದರೆ 560 ಕೆ.ಜಿ.; ಟಿ ಎಂದರೆ ಗಂಟೆಗೆ 190 ಕಿ.ಮೀ., ಎಚ್ ಎಂದರೆ 210. ಕಾರಿಗೆ ಹೇಳಿದ್ದಕ್ಕಿಂತ ಕಡಿಮೆಯದನ್ನು ಯಾವ ರಿಯಾಯಿತಿಗೂ ಹಾಕಿಸಬಾರದು.

ಈಗ ಕಂಪನಿಯ ಮಾತು. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಮಿಶೆಲಿನ್ ಯಾವುದೇ ಇರಲಿ, ಹೆಸರಿಗಿಂತ ಆ ಕಂಪನಿಯ ಯಾವ ಮಾದರಿ ಎಂಬುದು ಮುಖ್ಯ. ಹೆಚ್ಚು ಕಿಲೋಮೀಟರ್ ಬಾಳುವಂತೆ ಮಾಡಿದ ಗಡಸು ರಬ್ಬರಿನದೂ ಇದೆ, ಒದ್ದೆ ರಸ್ತೆಯ ಹಿಡಿತಕ್ಕೆ ಮಾಡಿದ್ದೂ ಇದೆ. ಮನೆಮಂದಿಯನ್ನು ಹೊರುವ ಕಾರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಐದು ಸಾವಿರ ಕಿಲೋಮೀಟರ್ ಮೊದಲೇ ಸವೆದರೆ ಹೋಗುವುದು ದುಡ್ಡು. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ನಾಲ್ಕು ಅಡಿ ಮುಂದೆ ಹೋಗಿ ನಿಂತರೆ ಆ ನಷ್ಟಕ್ಕೆ ಲೆಕ್ಕವಿಲ್ಲ. ಸೈಡ್‌ವಾಲ್ ಮೇಲೆ ಬಾಣದ ಗುರುತೋ ‘ಔಟ್‌ಸೈಡ್’ ಎಂಬ ಬರಹವೋ ಇದ್ದರೆ ಅದರಂತೆಯೇ ಕೂರಿಸುತ್ತಾರೋ ನಿಂತು ನೋಡಿ. ಹೊಸ ರಬ್ಬರಿನ ಮೇಲ್ಮೈ ತುಸು ಜಾರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿರಲಿ.

ಕೈಯಲ್ಲಿರುವುದು ನಾಲ್ಕು ಅಗ್ಗದ ಟೈರಿನಷ್ಟೇ ಹಣವಾಗಿದ್ದು, ಹಿಂದಿನ ಜೋಡಿ ಇನ್ನೂ ಚೆನ್ನಾಗಿದ್ದರೆ, ಎರಡು ಒಳ್ಳೆಯ ಟೈರು ಕೊಂಡು ಉಳಿದ ಹಣವನ್ನು ಬುಷ್, ಬಾಲ್ ಜಾಯಿಂಟ್, ಅಲೈನ್‌ಮೆಂಟ್‌ಗೆ ಹಾಕಿ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಮುಂಚಕ್ರಗಳ ಒಳ ಅಂಚು, ಹೊರ ಅಂಚು ಎರಡನ್ನೂ ಅಳೆದು ಮೊದಲಿನ ಅಳತೆಗೆ ಹೋಲಿಸಿ. ಎರಡೂ ಕಡೆ ಸವೆತ ಸಮನಾಗಿದ್ದರೆ ರಿಪೇರಿ ಸರಿಯಾಗಿದೆ. ಒಳಗೇ ಹೆಚ್ಚು ಸವೆಯುತ್ತಿದ್ದರೆ ಕಾರಣ ಇನ್ನೂ ಕಾರಿನಲ್ಲೇ ಇದೆ. ಪ್ರಿಂಟ್ ಹಿಡಿದು ಗ್ಯಾರೇಜಿಗೆ ವಾಪಸ್ ಹೋಗಿ.