ದಾಳಿಂಬೆಗೆ ಸೈ, ಪುಸ್ತಕಕ್ಕೆ ಯಾಕೆ?

ಶ್ರಿಂಕ್ ಫಿಲ್ಮನ್ನು ಬೈಯುವ ಮುನ್ನ ಅದರ ಹಿಂದಿನ ಕಸುಬನ್ನು ಮೆಚ್ಚಲೇಬೇಕು. ಪ್ಲಾಸ್ಟಿಕ್ ಹರಳುಗಳನ್ನು ಕರಗಿಸಿ, ಉಂಗುರದಾಕಾರದ ಡೈ ಮೂಲಕ ಕೊಳವೆಯಾಗಿ ಹೊರಗೆಳೆದು ಥಟ್ಟನೆ ತಣಿಸುತ್ತಾರೆ. ಪಾಲಿಓಲೆಫಿನ್ ಫಿಲ್ಮಾದರೆ ಕೆಲಸ ಅಲ್ಲಿಗೆ ಮುಗಿಯದು. ಆ ಕೊಳವೆಯನ್ನು ಮತ್ತೆ ಕಾಯಿಸಿ, ಪೂರ್ತಿ ಕರಗಲು ಬಿಡದೆ, ಒಳಗೆ ಗಾಳಿ ತುಂಬಿ ಉದ್ದಕ್ಕೂ ಅಗಲಕ್ಕೂ ಹಿಗ್ಗಿಸಿ, ಹಿಗ್ಗಿದ ಸ್ಥಿತಿಯಲ್ಲೇ ತಣಿಸಿಬಿಡುತ್ತಾರೆ. ಎಳೆದು ನಿಲ್ಲಿಸಿದ ಅಣುಸರಪಳಿಗಳು ಹಾಗೇ ಸಿಕ್ಕಿಕೊಳ್ಳುತ್ತವೆ. ಮುಂದೆಂದೋ ಪ್ಯಾಕಿಂಗ್ ಯಂತ್ರದ ಬಿಸಿಗಾಳಿ ಸುರಂಗದಲ್ಲಿ ಕೆಲವೇ ಸೆಕೆಂಡು ಹಾದುಹೋದಾಗ ಆ ಹಿಡಿತ ಸಡಿಲಗೊಂಡು ಅವು ಹಳೆಯ ಅಳತೆಗೆ ಮರಳಲು ಹೊರಡುತ್ತವೆ. ನಡುವೆ ಸಿಕ್ಕ ವಸ್ತುವನ್ನು ಫಿಲ್ಮು ಅಪ್ಪಿ ಹಿಡಿಯುತ್ತದೆ. ಒಳಗಿನ ಗಾಳಿ ಹೋಗಲೆಂದು ಮೊದಲೇ ಚುಚ್ಚಿದ ಸೂಜಿಮೊನೆಯಷ್ಟು ತೂತುಗಳನ್ನು ಬೆಳಕಿಗೆ ಹಿಡಿದರೆ ಕಾಣಬಹುದು.

ಇಷ್ಟು ಜಾಣ ಹೊದಿಕೆಯನ್ನು ಯಾವುದಕ್ಕೆ ಹೊದಿಸುತ್ತೇವೆ ಎನ್ನುವುದರಲ್ಲೇ ನನ್ನ ತಕರಾರು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ‘ಗಣೇಶ್’ ತಳಿಯ ದಾಳಿಂಬೆಯನ್ನು ಒಂದೊಂದಾಗಿ ಇಂಥ ಫಿಲ್ಮಿನಲ್ಲಿ ಬಿಗಿದು ನೋಡಿದ್ದರು. 2001ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರಿಯ ಹಣ್ಣು 1 ವಾರ ಬಾಳಿದರೆ ಹೊದಿಸಿದ್ದು 4 ವಾರ ಬಾಳಿತು. 8 ಡಿಗ್ರಿಯಲ್ಲಿ 7 ವಾರದ ಆಯಸ್ಸು 12ಕ್ಕೇರಿತು. ದಾಳಿಂಬೆಯ ಕಾಳು ಕೆಡುವ ಮೊದಲೇ ಸಿಪ್ಪೆ ಒಣಗಿ, ಕಂದಿ, ಗಟ್ಟಿಯಾಗುತ್ತದೆ. ಅದನ್ನು ಕಂಡ ವ್ಯಾಪಾರಿ ದರ ಇಳಿಸುತ್ತಾನೆ. ಆ ತೇವ ಉಳಿಸುವುದೇ ಫಿಲ್ಮಿನ ಕೆಲಸ. ಕೊಪ್ಪಳದಲ್ಲೋ ವಿಜಯಪುರದಲ್ಲೋ ದಾಳಿಂಬೆ ಬೆಳೆದವರಿಗೆ ದೂರದ ಮಾರುಕಟ್ಟೆ ತಲುಪಲು ಸಿಗುವ ಮೂರು ವಾರ ಸಣ್ಣ ಮಾತಲ್ಲ. ಇಲ್ಲಿ ಪ್ಲಾಸ್ಟಿಕ್ ತನ್ನ ಕೂಲಿಯನ್ನು ದುಡಿದು ಪಡೆಯುತ್ತದೆ.

ನೀರಿನ ಬಾಟಲಿಗಳ ಕಟ್ಟಿಗೂ ಅರ್ಧ ಮನಸ್ಸಿನಿಂದ ಅಂಕ ಕೊಡಬಹುದು. ರಟ್ಟಿನ ಪೆಟ್ಟಿಗೆ ಉಳಿಯುತ್ತದೆ, ದಪ್ಪ ಪಾಲಿಥೀನ್ ಆದ್ದರಿಂದ ಗುಜರಿಯವರೂ ಕೊಳ್ಳುತ್ತಾರೆ. ಬಾಟಲಿಯ ಮೈತುಂಬ ಬಿಗಿಯುವ ಬಣ್ಣದ ತೋಳಿನಂಥ ಲೇಬಲ್ಲಿಗೆ ಮಾತ್ರ ಸೊನ್ನೆ. ಮರುಬಳಕೆ ಘಟಕದಲ್ಲಿ ಚೂರುಗಳನ್ನು ನೀರಿಗೆ ಹಾಕಿದಾಗ ಮುಚ್ಚಳದ ಪ್ಲಾಸ್ಟಿಕ್ ತೇಲಿ ಬೇರೆಯಾಗುತ್ತದೆ. ಪಿವಿಸಿ ಅಥವಾ ಪಿಇಟಿಜಿಯ ಲೇಬಲ್ಲಾದರೆ ಬಾಟಲಿಯ ಚೂರಿನ ಜೊತೆಗೇ ಮುಳುಗಿ ಇಡೀ ಮಾಲನ್ನು ಕೆಡಿಸುತ್ತದೆ.

ಕೇಂದ್ರ ಸರ್ಕಾರದ ನಿಯಮ 2022ರ ಜುಲೈ 1ರಿಂದ ಸಿಹಿತಿಂಡಿಯ ಡಬ್ಬಿ, ಆಮಂತ್ರಣ ಪತ್ರಿಕೆ, ಸಿಗರೇಟು ಪೊಟ್ಟಣಗಳ ಸುತ್ತ ಫಿಲ್ಮು ಸುತ್ತುವುದನ್ನು ನಿಷೇಧಿಸಿತು. ಸರಿಯಾದ ಆಯ್ಕೆಯೇ. ಮದುವೆಯ ಕಾಗದಕ್ಕೆ ಯಾವ ತೇವ ಉಳಿಸಬೇಕಿತ್ತು? ಆದರೆ ಆ ಪಟ್ಟಿಯಲ್ಲಿ ಪುಸ್ತಕವಿಲ್ಲ.

ಹೊಸ ಪುಸ್ತಕವನ್ನು ಫಿಲ್ಮಿನಲ್ಲಿ ಬಿಗಿದು ಕಪಾಟಿನಲ್ಲಿ ನಿಲ್ಲಿಸುವುದು ಈ ಹೊದಿಕೆಯ ಅತ್ಯಂತ ದಡ್ಡ ಬಳಕೆ. ದೂಳು ತಾಗದು, ಅಂಚು ಮಾಸದು, ಒಪ್ಪಿದೆ. ಆದರೆ ಗೊತ್ತಿಲ್ಲದ ಲೇಖಕನ ಮೊದಲ ಪುಟವನ್ನು ನಿಂತಲ್ಲೇ ಓದಿ ನೋಡಿ ಕೊಳ್ಳುವವನಿಗೆ ಬೆನ್ನುಡಿಯ ಹೊಗಳಿಕೆಯೊಂದೇ ಗತಿ. ಹೆಸರಾದವರ ಪುಸ್ತಕ ಹೇಗೂ ಹೋಗುತ್ತದೆ, ಏಟು ಬೀಳುವುದು ಹೊಸಬರಿಗೆ. ಬಿಗಿತ ಜಾಸ್ತಿಯಾದರೆ ತೆಳು ರಕ್ಷಾಪುಟವೂ ಬಿಲ್ಲಿನಂತೆ ಬಾಗುತ್ತದೆ. ಕಾಪಾಡಲು ಬಂದದ್ದೇ ಕೆಡಿಸಿದ ಹಾಗಾಯಿತು. ಒಂದು ಪ್ರತಿಯನ್ನಾದರೂ ಬಿಚ್ಚಿಡಿ ಎಂದರೆ, ಬಿಚ್ಚಿದ್ದನ್ನು ಯಾರೂ ಕೊಳ್ಳುವುದಿಲ್ಲ ಎನ್ನುತ್ತಾರೆ ಅಂಗಡಿಯವರು. ಅದೂ ಸುಳ್ಳಲ್ಲ: ಓದಿ ನೋಡುವುದು ಮೇಲಿನ ಪ್ರತಿ, ಬಿಲ್ಲಿಗೆ ಒಯ್ಯುವುದು ರಾಶಿಯ ಅಡಿಯಿಂದ ಎಳೆದದ್ದು.